ಗೂಡಿನ ಜೊತೆ ಬಂದ ನೊಣ

ಮಡಕಶಿರ, ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಕಡೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಊಜಿ ನೊಣದ ಪರಿಚಯ ಮಾಡಿಕೊಡಬೇಕಾಗಿಲ್ಲ. ನಮ್ಮ ಧರ್ಮಕೇಂದ್ರದಲ್ಲಿ ಆ ಕಸುಬು ಇಲ್ಲದ ಮನೆಗಳೂ ಇರುವುದರಿಂದ ಮೊದಲು ಅದರ ಬಗ್ಗೆ ಸ್ವಲ್ಪ ಹೇಳುತ್ತೇನೆ. ನೋಡಲು ಮನೆನೊಣಕ್ಕಿಂತ ತುಸು ದೊಡ್ಡದು, ಬೂದು ಮಿಶ್ರಿತ ಕಪ್ಪು ಬಣ್ಣ. ಮೂರನೇ ಜ್ವರ ಕಳೆದು ಹುಳು ದಪ್ಪವಾಗುವ ಹೊತ್ತಿಗೆ ಇದು ಹುಳುಮನೆಗೆ ನುಗ್ಗಿ ಒಂದೊಂದು ಹುಳುವಿನ ಮೈಮೇಲೆ ಒಂದೋ ಎರಡೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಎರಡು ಮೂರು ದಿನದಲ್ಲಿ ಮೊಟ್ಟೆ ಒಡೆದು ಮರಿ ಹುಳುವಿನ ಚರ್ಮ ಕೊರೆದು ಒಳಗೆ ಸೇರುತ್ತದೆ. ಆ ಜಾಗದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಚುಕ್ಕೆ ಕಂಡರೆ ಆ ಹುಳುವಿನ ಆಸೆ ಬಿಟ್ಟಂತೆಯೇ. ಸಣ್ಣ ಹುಳುವಾದರೆ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಹಣ್ಣಾಗುವ ಹೊತ್ತಿಗೆ ನೊಣ ಕೂತಿದ್ದರೆ ಗೂಡೇನೋ ಕಟ್ಟುತ್ತದೆ, ಆದರೆ ಒಳಗಿನ ಮರಿ ಬಲಿತು ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲಾಗುವುದಿಲ್ಲ. ಮಾರುಕಟ್ಟೆಯಲ್ಲಿ ಅದನ್ನು ಕಸದ ಬೆಲೆಗೆ ಕೇಳುತ್ತಾರೆ. ಒಂದು ಹೆಣ್ಣು ನೊಣ ತನ್ನ ಜೀವಮಾನದಲ್ಲಿ ನೂರಾರು ಮೊಟ್ಟೆ ಇಡುತ್ತದೆ.

ಈ ನೊಣ ದಕ್ಷಿಣದ್ದಲ್ಲ ಎನ್ನುವುದು ನನ್ನ ವಯಸ್ಸಿನ ಹಲವರಿಗೆ ಗೊತ್ತಿಲ್ಲ. ಹಿರಿಯರಿಗೆ ಗೊತ್ತು. ಬಂಗಾಳದಲ್ಲಿ ಇದು ಹಳೆಯ ಪಿಡುಗು. ನಮ್ಮ ಕಡೆ 1980ರ ತನಕ ಇರಲೇ ಇಲ್ಲ. ಆ ವರ್ಷ ಪಶ್ಚಿಮ ಬಂಗಾಳದಿಂದ ಸಾಗಿಸಿದ ಜೀವಂತ ಗೂಡುಗಳ ಒಳಗೆ ಕೂತು ಕರ್ನಾಟಕಕ್ಕೆ ಬಂತು. ಅಲ್ಲಿಂದ ಆಂಧ್ರಕ್ಕೆ, ತಮಿಳುನಾಡಿಗೆ ಹರಡಿತು. ಹಿಂದೂಪುರದ ಗೂಡಿನ ಮಾರುಕಟ್ಟೆಗೂ ರಾಮನಗರದ ಮಾರುಕಟ್ಟೆಗೂ ಒಂದೇ ವಾರದಲ್ಲಿ ಓಡಾಡುವ ನಮ್ಮಂಥ ಗಡಿ ಸೀಮೆಯವರಿಗೆ ಅದು ತಲುಪಲು ತಡವಾಗುವ ಕಾರಣವೇ ಇರಲಿಲ್ಲ. ಬಂದ ಮೇಲೆ ಹೋಗಲಿಲ್ಲ. ಇಂದಿಗೂ ಹುಳುಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಹಾಕುತ್ತೇವಲ್ಲ, ಆ ಖರ್ಚು ಆ ಸಾಗಾಟದ ಬಾಕಿ. ನಾಲ್ಕು ದಶಕ ದಾಟಿದರೂ ತೀರದ ಬಾಕಿ.

ನಾನು ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಪಾಠದಲ್ಲಿ ಇದನ್ನು ‘ಆಕಸ್ಮಿಕ ಪ್ರವೇಶ’ ಎಂದು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಆಕಸ್ಮಿಕ ಎಂಬ ಮಾತು ಸರಿಯೇ. ಯಾರೂ ಬೇಕೆಂದು ನೊಣ ತರಲಿಲ್ಲ. ಗೂಡು ತಂದವರು ಕಳ್ಳರಲ್ಲ, ವ್ಯಾಪಾರ ಮಾಡಿದವರು. ಹಾಗಾದರೆ ತಪ್ಪು ಯಾರದ್ದು, ಅಥವಾ ಯಾರದ್ದೂ ಅಲ್ಲವೇ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಪುಸ್ತಕದಿಂದಲ್ಲ. ನಮ್ಮ ಯುವಜನರ ಸಭೆಯಲ್ಲಿ ಒಬ್ಬ ತಮ್ಮ ಕೃಷಿ ಹೊಂಡದಲ್ಲಿ ಮೀನು ಸಾಕುವ ಯೋಚನೆ ಹೇಳುತ್ತಿದ್ದ. ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಬೇಡಪ್ಪಾ, ಅದಕ್ಕೆ ನಿಷೇಧ ಇದೆ ಎಂದೆ. ಅವನು ತಟ್ಟನೆ ಕೇಳಿದ: “ಅಕ್ಕಾ, ದುಡ್ಡು ನನ್ನದು, ಹೊಂಡ ನನ್ನದು. ನಾನು ಯಾವ ಮೀನು ಬಿಟ್ಟರೆ ಯಾರಿಗೇನು?”

ಸಭೆಯಲ್ಲಿ ಹಲವರು ತಲೆಯಾಡಿಸಿದರು. ಕೇಳಿದ ಧಾಟಿ ಒರಟಾಗಿದ್ದರೂ ಪ್ರಶ್ನೆ ಒಳ್ಳೆಯದು. ಸರ್ಕಾರ ಬೇಡ ಎಂದಿದೆ ಎನ್ನುವುದು ಅದಕ್ಕೆ ಉತ್ತರವಲ್ಲ. ಸರ್ಕಾರ ಬೇಡ ಎಂದದ್ದು ನ್ಯಾಯವೇ ಎಂಬುದೇ ಅವನ ಪ್ರಶ್ನೆ.

ಇಂಥ ನಿಯಮಗಳು ಅತಿ ಕಟ್ಟುನಿಟ್ಟಾಗಿರುವುದು ದ್ವೀಪಗಳಲ್ಲಿ. ಅದಕ್ಕೆ ಕಾರಣವಿದೆ, ಮತ್ತು ಆ ಕಾರಣದಲ್ಲಿ ನಮ್ಮ ದೇಶದ ಪ್ರಾಣಿಯೊಂದರ ಪಾತ್ರವೂ ಇದೆ. ಅದು ಮುಂಗುಸಿ. ಜಮೈಕಾ ದ್ವೀಪದ ಕಬ್ಬಿನ ತೋಟಗಳಲ್ಲಿ ಇಲಿ ಕಾಟ ವಿಪರೀತವಾಗಿತ್ತು. 1872ರಲ್ಲಿ ಎಸ್ಪ್ಯೂಟ್ ಎಂಬ ತೋಟದ ಮಾಲೀಕ ಕಲ್ಕತ್ತೆಯಿಂದ ಒಂಬತ್ತು ಮುಂಗುಸಿ ತರಿಸಿದ. ಮೊದಲ ವರ್ಷಗಳಲ್ಲಿ ಇಲಿ ಕಡಿಮೆಯಾದವು, ಎಲ್ಲರೂ ಹೊಗಳಿದರು. ಅದನ್ನು ನೋಡಿ 1883ರಲ್ಲಿ ಹವಾಯಿ ದ್ವೀಪದವರು ಜಮೈಕಾದಿಂದ ಮುಂಗುಸಿ ತರಿಸಿಕೊಂಡರು. ಆದರೆ ಮುಂಗುಸಿ ತಿರುಗುವುದು ಹಗಲು, ಇಲಿ ಓಡಾಡುವುದು ಹೆಚ್ಚಾಗಿ ರಾತ್ರಿ. ಹಗಲಲ್ಲಿ ಮುಂಗುಸಿಗೆ ಸಿಕ್ಕಿದ್ದು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ, ಮರಿ, ಹಲ್ಲಿ, ಸಾಕಿದ ಕೋಳಿ. ಇಲಿಯೂ ಉಳಿಯಿತು, ಮುಂಗುಸಿಯೂ ಉಳಿಯಿತು, ಹೋದದ್ದು ಹಕ್ಕಿ. ನಮ್ಮ ಹೊಲದ ಬದುವಿನಲ್ಲಿ ಹಾವಿನೊಂದಿಗೆ ಸೆಣಸುವ, ಎದುರಾದರೆ ಶುಭ ಎಂದು ಹಳಬರು ಹೇಳುವ ಮುಂಗುಸಿಯ ನೆಂಟನೇ ಅಲ್ಲಿ ಪೀಡೆ.

ದೊಡ್ಡ ನೆಲದಲ್ಲಿ ಒಂದು ಪ್ರಾಣಿಯನ್ನು ತಿನ್ನುವ ಇನ್ನೊಂದು, ಅದಕ್ಕೆ ಬರುವ ರೋಗ, ಅದರ ಎದುರಾಳಿ ಎಲ್ಲವೂ ಒಟ್ಟಿಗೆ ಬೆಳೆದಿರುತ್ತವೆ. ದ್ವೀಪದಲ್ಲಿ ಸಾವಿರಾರು ವರ್ಷ ಒಂಟಿಯಾಗಿ ಬದುಕಿದ ಹಕ್ಕಿಗೆ ಬೇಟೆಗಾರನ ಭಯವೇ ಇರುವುದಿಲ್ಲ. ಶಾಂತ ಮಹಾಸಾಗರದ ಗುವಾಮ್ ದ್ವೀಪದ ಕತೆ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. (ಗುವಾಮ್‌ನ ಜನರಲ್ಲಿ ಹೆಚ್ಚಿನವರು ನಮ್ಮಂತೆಯೇ ಕಥೋಲಿಕರು.) ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಸಾಮಾನಿನ ಜೊತೆ ಕಂದು ಬಣ್ಣದ ಮರಹಾವೊಂದು ಅಲ್ಲಿಗೆ ಬಂತು. ಮೊದಲು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೆಲವೇ ದಶಕಗಳಲ್ಲಿ ಅಲ್ಲಿನ ಕಾಡಿನ 12 ಬಗೆಯ ಸ್ಥಳೀಯ ಹಕ್ಕಿಗಳಲ್ಲಿ 10 ಬಗೆ ಆ ಕಾಡಿನಿಂದ ಇಲ್ಲವಾದವು. ಈಗ ಗುವಾಮ್‌ನಿಂದ ಹೊರಡುವ ಸರಕನ್ನು ತರಬೇತಾದ ನಾಯಿಗಳಿಂದ ಮೂಸಿ ನೋಡಿಸಿ ಕಳಿಸುತ್ತಾರೆ. ಹವಾಯಿಯಲ್ಲಿ ಸಾಮಾನ್ಯ ಜನ ಮನೆಯಲ್ಲಿ ಹಾವು ಸಾಕುವುದೇ ಅಪರಾಧ. ದೂರದಿಂದ ನೋಡುವವರಿಗೆ ಅತಿಯೆನಿಸಬಹುದು. ಗುವಾಮ್‌ನ ಮೌನವಾದ ಕಾಡನ್ನು ನೋಡಿದವರಿಗೆ ಹಾಗೆನಿಸುವುದಿಲ್ಲ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಅಂಡಮಾನ್ ಇದೆ. ಬ್ರಿಟಿಷರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿಗೆ ಚುಕ್ಕೆ ಜಿಂಕೆ ತಂದು ಬಿಟ್ಟರು. ಹುಲಿ ಇಲ್ಲ, ಚಿರತೆ ಇಲ್ಲ, ಈಜಲು ಬೇರೆ ಬರುತ್ತದೆ. ದ್ವೀಪದಿಂದ ದ್ವೀಪಕ್ಕೆ ಹಬ್ಬಿ ಮರದ ಸಸಿಗಳನ್ನು ಮೇಯುತ್ತಾ ಕಾಡು ಮತ್ತೆ ಚಿಗುರದಂತೆ ಮಾಡುತ್ತಿವೆ. ಇಂಟರ್‌ವ್ಯೂ ದ್ವೀಪದಲ್ಲಿ ಮರ ಎಳೆಯಲು ಆನೆ ಇಟ್ಟುಕೊಂಡಿದ್ದ ನಾಟಾ ಕಂಪನಿಯೊಂದು 1962ರ ಸುಮಾರಿಗೆ ದಿವಾಳಿಯೆದ್ದು ನಲವತ್ತರಷ್ಟು ಆನೆಗಳನ್ನು ಅಲ್ಲೇ ಬಿಟ್ಟು ಹೋಯಿತು. ಅವು ಕಾಡಾನೆಗಳಾದವು, ಮರದ ತೊಗಟೆ ಸುಲಿದವು. ಕಂಪನಿಯ ಲೆಕ್ಕ ಪುಸ್ತಕ ಎಂದೋ ಮುಚ್ಚಿತು. ಕಾಡಿನ ಲೆಕ್ಕ ತೆರೆದೇ ಇದೆ.

ಇಷ್ಟು ಹೇಳಿದರೆ ಆ ಹುಡುಗ ಕೇಳುವುದು ಗೊತ್ತಿದೆ: “ಅಕ್ಕಾ, ಮಡಕಶಿರ ದ್ವೀಪವೇ? ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು!” ನೀರು ಸುತ್ತ ಇದ್ದರೆ ಮಾತ್ರ ದ್ವೀಪ ಎಂದು ಭೂಗೋಳದ ಪುಸ್ತಕ ಹೇಳುತ್ತದೆ. ಊಜಿ ನೊಣದ ಮಟ್ಟಿಗೆ 1980ರವರೆಗೆ ದಕ್ಷಿಣದ ರೇಷ್ಮೆ ಸೀಮೆ ಒಂದು ದ್ವೀಪವೇ ಆಗಿತ್ತು. ಅದಕ್ಕೂ ಬಂಗಾಳಕ್ಕೂ ನಡುವೆ ಸಮುದ್ರವಿರಲಿಲ್ಲ, ಆದರೆ ನೊಣ ತಾನಾಗಿ ಹಾರಿ ದಾಟಲಾಗದಷ್ಟು ದೂರವಿತ್ತು. ಮೀನಿನ ಮಟ್ಟಿಗೆ ನಮ್ಮ ಒಣ ಸೀಮೆಯ ಪ್ರತಿ ಕೆರೆಯೂ ದ್ವೀಪ. ಸುತ್ತ ನೆಲ, ನಡುವೆ ನೀರು. ಒಳ್ಳೆ ಮಳೆ ಬಿದ್ದ ವರ್ಷ ಕೋಡಿ ಹರಿದು ಒಂದು ಕೆರೆ ಇನ್ನೊಂದಕ್ಕೆ ಕೂಡುವುದನ್ನು ಬಿಟ್ಟರೆ ಒಂದರ ಮೀನಿಗೆ ಇನ್ನೊಂದರ ಸುದ್ದಿ ಇರುವುದಿಲ್ಲ.

ಆಫ್ರಿಕನ್ ಕ್ಯಾಟ್‌ಫಿಶ್‌ನ ತೊಂದರೆ ಅಲ್ಲೇ ಇರುವುದು. ಅದು ಗಾಳಿಯನ್ನೂ ಉಸಿರಾಡಬಲ್ಲದು. ನೀರು ಬತ್ತಿದರೆ ಕೆಸರಿನಲ್ಲಿ ಬದುಕುತ್ತದೆ, ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ನೀರಿಗೆ ಹೋಗುತ್ತದೆ. ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಕಸಾಯಿಖಾನೆಯ ತ್ಯಾಜ್ಯ ಹಾಕಿದರೂ ಬೆಳೆಯುತ್ತದೆ, ಅದಕ್ಕೇ ಸಾಕುವವರಿಗೆ ಲಾಭ. ಅನುಮತಿಯಿಲ್ಲದೆ ದೇಶಕ್ಕೆ ಬಂದ ಈ ಮೀನಿನ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿತು. ರಾಷ್ಟ್ರೀಯ ಹಸಿರು ನ್ಯಾಯಪೀಠ 2019ರಲ್ಲಿ ಮತ್ತೆ ಅದನ್ನೇ ಒತ್ತಿ ಹೇಳಿತು. ಹೊಂಡ ಅವನದೇ, ಒಪ್ಪೋಣ. ಆದರೆ ಒಂದು ರಾತ್ರಿ ಜೋರು ಮಳೆ ಬಂದು ಹೊಂಡ ತುಂಬಿದರೆ ಆ ಮೀನು ಹೊಂಡದ ಪತ್ರ ನೋಡಿ ಒಳಗೇ ಇರುವುದಿಲ್ಲ. ಕೆರೆಗೆ ಹೋದರೆ ಅದು ಊರಿನ ಕೆರೆ.

ಇಲ್ಲಿಯೇ ನನಗೆ ನ್ಯಾಯದ ಪ್ರಶ್ನೆ ಸ್ಪಷ್ಟವಾಗಿ ಕಾಣುತ್ತದೆ. ನನ್ನ ಹೊಲಕ್ಕೆ ನಾನು ತಪ್ಪು ಬೀಜ ಬಿತ್ತಿದರೆ ನಷ್ಟ ನನ್ನದು, ಮುಂದಿನ ವರ್ಷ ಬೇರೆ ಬಿತ್ತುತ್ತೇನೆ. ನನ್ನ ತಪ್ಪಿನ ಬೆಲೆ ನಾನೇ ಕೊಡುತ್ತೇನೆ, ಆದ್ದರಿಂದ ಅದು ನನ್ನ ಹಕ್ಕು. ಮರಿ ಹಾಕಿ ಬೆಳೆಯುವ ಜೀವವನ್ನು ತಂದಾಗ ಹಾಗಾಗುವುದಿಲ್ಲ. ಲಾಭ ಬಂದರೆ ತಂದವನಿಗೆ, ನಷ್ಟ ಬಂದರೆ ಊರಿಗೆ. ಮೇಲಾಗಿ ವಾಪಸು ತೆಗೆದುಕೊಳ್ಳುವ ದಾರಿಯೇ ಇಲ್ಲ. ಹೊಗೆ ಉಗುಳುವ ಕಾರ್ಖಾನೆಯನ್ನಾದರೂ ಬೀಗ ಹಾಕಿ ನಿಲ್ಲಿಸಬಹುದು. ಊಜಿ ನೊಣಕ್ಕೆ ಬೀಗ ಎಲ್ಲಿ ಹಾಕುವುದು? ಆ ನಷ್ಟ ಹೊರುವವರಲ್ಲಿ ಬಹುಪಾಲು ಜನ ಆಗ ಹುಟ್ಟಿಯೂ ಇರಲಿಲ್ಲ. 1980ರಲ್ಲಿ ಗೂಡು ಸಾಗಿಸಿದವರು ನನ್ನನ್ನು ಕೇಳಲು ಸಾಧ್ಯವಿರಲಿಲ್ಲ. ಕೇಳಲಾಗದವರ ತಲೆಯ ಮೇಲೆ ಶಾಶ್ವತ ಭಾರ ಹೊರಿಸುವ ಮೊದಲು ನಿಂತು ಪರೀಕ್ಷಿಸಬೇಕಾದ ಹೊಣೆ ತರುವವನದ್ದೇ. ಇದರಿಂದ ಹಾನಿ ಇಲ್ಲ ಎಂದು ಅವನು ತೋರಿಸಲಿ. ಹಾನಿ ಇದೆ ಎಂದು ಊರವರು ಸಾಬೀತು ಮಾಡುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಗುವಾಮ್‌ನಲ್ಲಿ ಹಾವೇ ಕಾರಣ ಎಂದು ಎಲ್ಲರೂ ಒಪ್ಪುವ ಹೊತ್ತಿಗೆ ಹಕ್ಕಿಗಳು ಹೋಗಿಯಾಗಿತ್ತು.

ರೇಷ್ಮೆ ಕಸುಬಿನಲ್ಲಿ ಈ ತತ್ವವನ್ನು ನಾವು ಆಗಲೇ ಒಪ್ಪಿಕೊಂಡಿದ್ದೇವೆ, ಹೆಸರು ಮಾತ್ರ ಕೊಟ್ಟಿಲ್ಲ. ಮೊಟ್ಟೆಯನ್ನು ನಾವು ಯಾರಿಂದಲೋ ಕೊಳ್ಳುವುದಿಲ್ಲ. ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆಂದು ತಿಳಿದ ಲೂಯಿ ಪಾಶ್ಚರ್ 1865ರಿಂದ ಕೆಲವು ವರ್ಷ ದಕ್ಷಿಣ ಫ್ರಾನ್ಸಿನಲ್ಲಿ ಕೂತು, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ ರೂಪಿಸಿದರು. ಇಂದಿಗೂ ಬಿತ್ತನೆ ಕೇಂದ್ರಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ರೋಗ ಕಂಡರೆ ಆ ಮೊಟ್ಟೆಗಳನ್ನು ಸುಡುತ್ತಾರೆ. ‘ನನ್ನ ಚಿಟ್ಟೆ, ನನ್ನ ಮೊಟ್ಟೆ’ ಎಂದು ಅಲ್ಲಿ ಯಾರೂ ವಾದಿಸುವುದಿಲ್ಲ. ಒಬ್ಬರ ಮನೆಯ ರೋಗ ಊರಿನ ಬೆಳೆ ತಿನ್ನುವುದನ್ನು ಕಂಡವರು ಆ ಮಾತು ಆಡುವುದಿಲ್ಲ.

ಆದರೂ ನನ್ನ ಮಾತಿಗೆ ಎರಡು ಗಟ್ಟಿ ಆಕ್ಷೇಪಗಳಿವೆ.

ಮೊದಲನೆಯದು ಬಡವರದ್ದು. ನಿಯಮ ಬಂದಾಗಲೆಲ್ಲ ಸಿಕ್ಕಿಬೀಳುವುದು ಸಣ್ಣವರು. ಸಾಲ ಮಾಡಿ ಹೊಂಡ ತೋಡಿಸಿ, ದಲ್ಲಾಳಿ ಕೊಟ್ಟ ಮರಿ ಬಿಟ್ಟವನ ಹೊಂಡಕ್ಕೆ ಅಧಿಕಾರಿಗಳು ಬಂದು ಮೀನನ್ನೆಲ್ಲ ಹೂಳಿಸುತ್ತಾರೆ. ಮರಿ ಮಾರಿದ ದಲ್ಲಾಳಿ ಆ ದಿನ ಊರಲ್ಲಿರುವುದಿಲ್ಲ. ಅನಂತಪುರದಂಥ ಮಳೆ ಕಾಣದ ಸೀಮೆಯಲ್ಲಿ ಒಂದು ಹೊಂಡದ ಮೀನು ಎಂದರೆ ಒಂದು ಮಗುವಿನ ಕಾಲೇಜು ಶುಲ್ಕ. ಕೆರೆ ಉಳಿಸುವ ಒಳ್ಳೆಯ ಕೆಲಸದ ಪೂರ್ತಿ ಖರ್ಚನ್ನು ಒಬ್ಬ ಬಡವನ ಜೇಬಿನಿಂದ ತೆಗೆಯುವುದು ನ್ಯಾಯವಲ್ಲ ಎಂದೇ ನಾನು ಭಾವಿಸುತ್ತೇನೆ. ಲಾಭ ಊರಿನದಾದರೆ ಖರ್ಚಿನಲ್ಲೂ ಊರಿಗೆ ಪಾಲಿರಬೇಕು. ತಿಳಿಯದೆ ಸಾಕಿದವನಿಗೆ ಬದಲಿಗೆ ಕಾಟ್ಲಾ, ರೋಹು ಮರಿ ಕೊಡಿಸುವುದು, ಒಂದು ಬೆಳೆಯ ಗಡುವು ಕೊಡುವುದು, ದಂಡದ ಭಾರವನ್ನು ಮರಿ ಮಾರುವವರ ಮೇಲೆ ಹಾಕುವುದು, ಇಷ್ಟಿಲ್ಲದ ನಿಷೇಧವನ್ನು ನಾನು ಅರ್ಧ ನ್ಯಾಯ ಎನ್ನುತ್ತೇನೆ. ಆದರೆ ಈ ಆಕ್ಷೇಪದಿಂದ ನಿಯಮವೇ ಬೇಡ ಎಂದಾಗುವುದಿಲ್ಲ. ಕೆರೆಯ ಮೀನು ಹೋದರೆ ಮೊದಲು ಕಳೆದುಕೊಳ್ಳುವವರೂ ಬಡವರೇ, ಬಲೆ ಹಾಕಿ ಬದುಕುವವರು. ಅವರಿಗೆ ಹೊಂಡವೂ ಇಲ್ಲ.

ಎರಡನೆಯದು ನನ್ನನ್ನು ಹೆಚ್ಚು ಕಾಡಿದ್ದು. ‘ಹೊರಗಿನದು ಬರಬಾರದು, ಒಳಗಿನದನ್ನು ಕಾಪಾಡಬೇಕು’ ಎಂಬ ಮಾತು ಕೇಳಿದಾಗ ನಮ್ಮಂಥವರ ಕಿವಿ ನೆಟ್ಟಗಾಗಬೇಕು. ಆಂಧ್ರದೊಳಗೆ ಕನ್ನಡ ಮಾತಾಡುವವರು ನಾವು. ಕನ್ನಡಿಗರ ನಡುವೆ ಕಥೋಲಿಕರು. ತೆಲುಗು ಪೂಜೆ, ಕನ್ನಡ ಪೂಜೆ, ತಮಿಳು ಹಾಡು ಎಲ್ಲ ಇರುವ ಧರ್ಮಪ್ರಾಂತ್ಯ ನಮ್ಮದು. ‘ನೀವು ಎಲ್ಲಿಂದ ಬಂದವರು’ ಎಂಬ ಪ್ರಶ್ನೆಯನ್ನು ಕೇಳಿಸಿಕೊಂಡೇ ಬೆಳೆದವರು ನಮ್ಮಲ್ಲಿ ಬೇಕಾದಷ್ಟು. ನೊಣದ ಬಗ್ಗೆ ಆಡುವ ಮಾತನ್ನು ನಾಳೆ ಯಾರಾದರೂ ಮನುಷ್ಯರ ಮೇಲೆ ತಿರುಗಿಸಿದರೆ? ಇಂಥ ತಿರುಗಿಸುವಿಕೆ ಹೊಸದೇನಲ್ಲ. ಜನರನ್ನು ಹುಳು ಹುಪ್ಪಟೆಗೆ ಹೋಲಿಸಿಯೇ ದೊಡ್ಡ ಅನ್ಯಾಯಗಳು ಶುರುವಾಗಿವೆ.

ಅದಕ್ಕೇ ‘ಹೊರಗಿನದು’ ಎಂಬ ಪದವನ್ನೇ ನಾನು ಇಲ್ಲಿ ಅಳತೆಗೋಲಾಗಿ ಒಪ್ಪುವುದಿಲ್ಲ. ನಮ್ಮ ಊಟದ ತಟ್ಟೆ ನೋಡಿ. ಅನಂತಪುರ ಸೀಮೆಯ ಹೆಸರಿನೊಂದಿಗೇ ಬರುವ ಕಡಲೆಕಾಯಿ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿ, ಟೊಮೆಟೊ, ಮುಸುಕಿನ ಜೋಳ ಎಲ್ಲವೂ ಆ ಕಡೆಯಿಂದಲೇ ಬಂದವು. ಡೇರಿಗೆ ಹಾಲು ಹಾಕುವ ಸೀಮೆ ಹಸುವಿನ ಅಜ್ಜಿ ಯೂರೋಪಿನವಳು. ರೇಷ್ಮೆ ಹುಳುವಿನ ತವರು ಚೀನಾ. ಮೈಸೂರು ಸೀಮೆಯಲ್ಲಿ ಈ ಕಸುಬು ಬೇರೂರಿಸಲು ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿದ. ಅಂದರೆ ಹುಳುವೂ ಬಂಗಾಳದಿಂದಲೇ ಬಂತು, ಇನ್ನೂರು ವರ್ಷ ಬಿಟ್ಟು ಅದರ ಶತ್ರುವೂ ಬಂಗಾಳದಿಂದಲೇ ಬಂತು. ಎರಡೂ ಹೊರಗಿನವೇ. ಒಂದು ಲಕ್ಷಾಂತರ ಮನೆಗಳಿಗೆ ಅನ್ನ ಕೊಟ್ಟಿತು, ಇನ್ನೊಂದು ಅದೇ ಅನ್ನಕ್ಕೆ ಕೈ ಹಾಕಿತು. ಹೀಗಿರುವಾಗ ಒಂದು ಜೀವ ಎಲ್ಲಿ ಹುಟ್ಟಿತು ಎಂದು ಕೇಳಿದರೆ ಪ್ರಯೋಜನವಿಲ್ಲ. ಇಲ್ಲಿ ಬಂದು ಅದು ಏನು ಮಾಡುತ್ತದೆ, ಅದನ್ನು ಯಾರು ಹತೋಟಿಯಲ್ಲಿಡುತ್ತಾರೆ ಎಂದು ಕೇಳಬೇಕು. ಮನುಷ್ಯನ ವಿಷಯದಲ್ಲಿ ಈ ಪ್ರಶ್ನೆ ಹೊಂದುವುದೇ ಇಲ್ಲ. ಮನುಷ್ಯ ತನ್ನ ನಡತೆಗೆ ತಾನೇ ಉತ್ತರ ಹೇಳಬಲ್ಲ, ಹೊಸ ಊರಿನ ಮಾತು ಕಲಿಯಬಲ್ಲ, ನೆರೆಯವನಾಗಬಲ್ಲ. ನೊಣಕ್ಕೆ ಅದಾವುದೂ ಸಾಧ್ಯವಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವವರು ಪ್ರಾಣಿಶಾಸ್ತ್ರವನ್ನೂ ಓದಿಲ್ಲ, ಮನುಷ್ಯರನ್ನೂ ನೋಡಿಲ್ಲ.

ಕಾನೂನು ಕೂಡ ‘ಹೊರಗಿನದು’ ಎಂಬ ಪದದಲ್ಲಿ ಎಡವಿದೆ ಎಂದು ನನ್ನ ಅನಿಸಿಕೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಆಕ್ರಮಣಕಾರಿ ಅನ್ಯ ಜೀವಿಗಳ ಆಮದು, ಮಾರಾಟ, ಸಾಕಣೆಯನ್ನು ಕೇಂದ್ರ ಸರ್ಕಾರ ನಿಯಂತ್ರಿಸಬಹುದು. ಒಳ್ಳೆಯದೇ. ಆದರೆ ಅಲ್ಲಿ ‘ಅನ್ಯ’ ಎಂದರೆ ಭಾರತದ ಮೂಲದ್ದಲ್ಲದ್ದು. ಅಂಡಮಾನಿನ ಕಾಡು ಮೇಯುತ್ತಿರುವ ಚುಕ್ಕೆ ಜಿಂಕೆ ಭಾರತದ್ದೇ. ನಮ್ಮ ಗೂಡು ತೂತು ಮಾಡುವ ಊಜಿ ನೊಣ ಬಂಗಾಳದ್ದು. ದೇಶದ ಗಡಿಯನ್ನೇ ಗೆರೆಯಾಗಿ ಇಟ್ಟುಕೊಂಡರೆ ಇವೆರಡೂ ಒಳಗಿನವು! ವಿದೇಶದಿಂದ ದನಕರು, ಕುರಿ, ಕೋಳಿ ತರುವುದಕ್ಕೆ 1898ರ ಜಾನುವಾರು ಆಮದು ಕಾಯ್ದೆಯಿಂದಲೂ ತಡೆ ಇದೆ, ಬಂದರಿನಲ್ಲಿ ಪ್ರತ್ಯೇಕವಾಗಿಟ್ಟು ನೋಡುವ ಏರ್ಪಾಡು ಇದೆ. ಬಂಗಾಳದಿಂದ ಬೆಂಗಳೂರಿಗೆ ಹೊರಟ ಲಾರಿಗೆ ಅಂಥ ಬಂದರು ಇರಲಿಲ್ಲ. ಪ್ರಾಣಿಗಳ ಗಡಿ ಬೇರೆ, ನಮ್ಮ ನಕ್ಷೆಯ ಗಡಿ ಬೇರೆ. ಭಾಷೆಯ ಗೆರೆ ಒಂದು ಕಡೆ, ರಾಜ್ಯದ ಗೆರೆ ಇನ್ನೊಂದು ಕಡೆ ಬಿದ್ದಿರುವ ಮಡಕಶಿರದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ನಿಯಂತ್ರಣ ಎಂದರೆ ಬಾಗಿಲು ಜಡಿಯುವುದು ಎಂದುಕೊಳ್ಳಬೇಡಿ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಮೆಕ್ಸಿಕೊ ಕಡೆಯ ಕೀಟ. ಪಪ್ಪಾಯಕ್ಕಷ್ಟೇ ಅಲ್ಲ, ಹಿಪ್ಪುನೇರಳೆಗೂ ಮುತ್ತಿತು. ಬಿಳಿ ಹಿಟ್ಟು ಬಳಿದಂತೆ ಸೊಪ್ಪು ಮುದುಡಿ ತಮಿಳುನಾಡಿನಲ್ಲಿ ರೈತರು ತೋಟ ಕಿತ್ತು ಹಾಕಿದರು. ಔಷಧಿ ಹೊಡೆಯೋಣವೆಂದರೆ ಆ ಸೊಪ್ಪನ್ನೇ ಹುಳುವಿಗೆ ಹಾಕಬೇಕು. ಆಗ ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯವರು 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಬಗೆಯ ಪುಟ್ಟ ಕಣಜ ತರಿಸಿದರು. ಅಂದರೆ ಹೊರಗಿನ ಪ್ರಾಣಿಯನ್ನು ಬೇಕೆಂದೇ ತಂದರು. ತಂದ ಕೂಡಲೇ ಬಿಡಲಿಲ್ಲ. ಮುಚ್ಚಿದ ಪ್ರಯೋಗಾಲಯದಲ್ಲಿಟ್ಟು, ಇವು ರೇಷ್ಮೆ ಹುಳುವಿಗೆ, ಉಪಕಾರಿ ಕೀಟಗಳಿಗೆ ತೊಂದರೆ ಕೊಡುವುದಿಲ್ಲ, ಆ ತಿಗಣೆಯನ್ನು ಬಿಟ್ಟು ಬೇರೆಯದಕ್ಕೆ ಹೋಗುವುದಿಲ್ಲ ಎಂದು ಖಾತರಿ ಮಾಡಿಕೊಂಡ ಮೇಲೆ ಬಿಟ್ಟರು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬ ಕಣಜ ಕೆಲವೇ ತಿಂಗಳಲ್ಲಿ ತಿಗಣೆಯನ್ನು ಹತೋಟಿಗೆ ತಂದಿತು. ಎಸ್ಪ್ಯೂಟ್‌ನ ಮುಂಗುಸಿಗೂ ಹೆಬ್ಬಾಳದ ಕಣಜಕ್ಕೂ ಇರುವ ಅಂತರವೇ ನಾನು ಹೇಳುತ್ತಿರುವ ನಿಯಂತ್ರಣ. ಇಬ್ಬರ ಉದ್ದೇಶವೂ ಒಳ್ಳೆಯದೇ. ಒಬ್ಬ ಹಡಗಿನಿಂದ ಇಳಿಸಿ ನೇರ ತೋಟಕ್ಕೆ ಬಿಟ್ಟ, ಇನ್ನೊಬ್ಬರು ಮೊದಲು ಕಾದರು.

ಇನ್ನು ಬಂದುಬಿಟ್ಟಿರುವವನ್ನು ಏನು ಮಾಡುವುದು? ಇಲ್ಲಿ ನನಗೆ ಮನಸ್ಸು ಹಗುರವಾಗಿಲ್ಲ. ತೊಟ್ಟಿಲ ಬಳಿ ಹಾವು ಕೊಂದು ಮಗು ಉಳಿಸಿದ ಮುಂಗುಸಿಯನ್ನು ಬಾಯಿಯ ರಕ್ತ ನೋಡಿ ತಾಯಿ ಕೊಂದ ಕತೆ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಜಮೈಕಾದ ಮುಂಗುಸಿಯೂ ತಪ್ಪು ಮಾಡಿದ್ದಲ್ಲ, ತಂದು ಬಿಟ್ಟಲ್ಲಿ ತನಗೆ ಗೊತ್ತಿದ್ದ ರೀತಿಯಲ್ಲಿ ಬದುಕಿತು. ಇಂಟರ್‌ವ್ಯೂ ದ್ವೀಪದ ಆನೆಗಳು ತಾವಾಗಿ ದೋಣಿ ಹತ್ತಲಿಲ್ಲ. ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿರಿಸಿದ್ದು ಅದನ್ನು ಉಳಲೂ ಕಾಯಲೂ ಎಂದು ಓದುತ್ತೇವೆ. ಪೋಪ್ ಫ್ರಾನ್ಸಿಸರು 2015ರ ‘ಲೌದಾತೋ ಸಿ’ ಪರಿಪತ್ರದಲ್ಲಿ ಇತರ ಜೀವಿಗಳಿಗೆ ನಮ್ಮ ಉಪಯೋಗದ ಆಚೆಗೂ ಸ್ವಂತ ಬೆಲೆಯಿದೆ ಎಂದರು. ಆ ಬೆಲೆ ಹವಾಯಿಯ ಹಕ್ಕಿಗೂ ಇದೆ, ಮುಂಗುಸಿಗೂ ಇದೆ. ಎರಡೂ ಒಟ್ಟಿಗೆ ಉಳಿಯಲಾರದ ಪರಿಸ್ಥಿತಿ ತಂದದ್ದು ಮನುಷ್ಯ. ಆದ್ದರಿಂದ ಕೊಲ್ಲಬೇಕಾಗಿ ಬಂದಾಗ ಅದನ್ನು ಹಬ್ಬದಂತೆ ಮಾಡಬಾರದು, ನೋವು ಆದಷ್ಟು ಕಡಿಮೆಯಿರಬೇಕು, ಕೊಂದರೆ ನಿಜಕ್ಕೂ ಉಪಯೋಗವಾಗುತ್ತದೆಯೇ ಎಂದು ಮೊದಲೇ ಗೊತ್ತಿರಬೇಕು ಎನ್ನುವಷ್ಟರಲ್ಲಿ ನಾನು ನಿಲ್ಲುತ್ತೇನೆ. ಕೊಲ್ಲಲೇಬಾರದು ಎನ್ನುವ ಧೈರ್ಯ ನನಗಿಲ್ಲ, ಏಕೆಂದರೆ ಹಾಗೆಂದರೆ ಹಕ್ಕಿಯ ಸಾವನ್ನು ಒಪ್ಪಿಕೊಂಡಂತೆ. ಈ ಮುಜುಗರದಿಂದ ಪಾರಾಗುವ ದಾರಿ ಒಂದೇ, ಬಾಗಿಲಲ್ಲೇ ತಡೆಯುವುದು. ಬಾಗಿಲಲ್ಲಿ ತಡೆದ ಪ್ರಾಣಿ ತನ್ನ ಊರಿನಲ್ಲಿ ಬದುಕಿಕೊಂಡಿರುತ್ತದೆ. ನಿಷೇಧ ನಿರ್ದಯ ಎನ್ನುವವರು ಇದನ್ನೂ ಯೋಚಿಸಬೇಕು. ಪಟ್ಟಣದ ಅಂಗಡಿಗಳಲ್ಲಿ ರೂಪಾಯಿ ನಾಣ್ಯದಷ್ಟು ಚಿಕ್ಕದಿರುವಾಗ ಮಾರುವ ಕೆಂಪು ಕಿವಿಯ ಆಮೆ ದೊಡ್ಡದಾದ ಮೇಲೆ ಬೇಸರವಾಗಿ ಕೆರೆಗೆ ಬಿಡುವವರಿದ್ದಾರೆ. ಅವರು ಅದನ್ನು ದಯೆ ಎಂದುಕೊಂಡಿರುತ್ತಾರೆ. ಕೆರೆಯ ನಾಡ ಆಮೆಯ ಆಹಾರ, ಬಿಸಿಲು ಕಾಯುವ ಜಾಗ ಎರಡನ್ನೂ ಅದು ಕಸಿದುಕೊಳ್ಳುತ್ತದೆ.

ಮತ್ತೆ ಊಜಿ ನೊಣಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಕೈಯಲ್ಲಿರುವ ಕೆಲಸ ಅಲ್ಲಿದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಂಥ ಕಡೆ, ನಮ್ಮ ಪಕ್ಕದ ಹಿಂದೂಪುರದ ಕಿರಿಕೆರೆಯ ಸಂಶೋಧನಾ ಕೇಂದ್ರದಲ್ಲಿ ರೇಷ್ಮೆಯ ಬಗ್ಗೆ ಕೆಲಸ ನಡೆದೇ ಇದೆ. ನೊಣದ ಕೋಶದಲ್ಲಿ ಮೊಟ್ಟೆಯಿಟ್ಟು ಅದನ್ನು ಒಳಗೇ ಮುಗಿಸುವ ನೆಸೋಲಿಂಕ್ಸ್ ಎಂಬ ಪುಟ್ಟ ಕಣಜವನ್ನು ಚೀಲದಲ್ಲಿ ಕೊಡುತ್ತಾರೆ, ಹುಳುಮನೆಯಲ್ಲಿ ತೂಗು ಹಾಕಬೇಕು. ಆದರೆ ಒಬ್ಬರು ಪರದೆ ಹಾಕಿ, ಕಣಜ ಬಿಟ್ಟು, ಪಕ್ಕದ ಮನೆಯವರು ತೂತು ಗೂಡನ್ನೂ ಅದರಿಂದ ಉದುರಿದ ಮರಿಗಳನ್ನೂ ತಿಪ್ಪೆಗೆ ಸುರಿದರೆ ಏನೂ ಆಗುವುದಿಲ್ಲ. ಆ ಮರಿ ಕೆಲವೇ ಗಂಟೆಗಳಲ್ಲಿ ಮಣ್ಣಿಗೋ ಗೋಡೆ ಸಂದಿಗೋ ಇಳಿದು ಕೋಶವಾಗುತ್ತದೆ. ಹತ್ತು ಹನ್ನೆರಡು ದಿನಕ್ಕೆ ನೊಣವಾಗಿ ಏಳುತ್ತದೆ, ಅಷ್ಟರಲ್ಲಿ ಬೀದಿಯ ಆ ಕೊನೆಯ ಮನೆಯಲ್ಲಿ ಹುಳು ಮೂರನೇ ಜ್ವರ ದಾಟಿರುತ್ತದೆ. ಚಂದ್ರಿಕೆ ಕೆಳಗೆ ಬಿದ್ದ ಮರಿಗಳನ್ನು ಗುಡಿಸಿ ಸೋಪು ನೀರಿನ ಬಕೆಟ್ಟಿಗೆ ಹಾಕಲು ಹತ್ತು ನಿಮಿಷ ಸಾಕು. ಗೂಡು ಬಿಡಿಸುವ ದಿನದ ಗಡಿಬಿಡಿಯಲ್ಲಿ ಆ ಹತ್ತು ನಿಮಿಷ ಸಿಗುವುದಿಲ್ಲ ಎಂದು ಗೊತ್ತು, ವ್ಯಾನಿನವನು ಬಾಗಿಲಲ್ಲಿ ಹಾರನ್ ಹೊಡೆಯುತ್ತಿರುತ್ತಾನೆ. ಬೇಸಿಗೆ ರಜೆಯಲ್ಲಿ ನಮ್ಮ ಯುವಜನರ ಗುಂಪು ಇಬ್ಬಿಬ್ಬರಂತೆ ಗೂಡು ಬಿಡಿಸುವ ಮನೆಗಳಿಗೆ ಹೋಗಿ ಈ ಒಂದು ಕೆಲಸ ಮಾಡಿಕೊಡುವುದೆಂದು ಮಾತಾಗಿದೆ. ಯಾರ ಮನೆಯಲ್ಲಿ ಯಾವಾಗ ಗೂಡು ಬಿಡಿಸುತ್ತೀರೆಂದು ಭಾನುವಾರ ಪೂಜೆ ಮುಗಿದ ಮೇಲೆ ನನಗೋ, ಗುಂಪಿನ ಯಾರಿಗಾದರೋ ಹೇಳಿ. ಯಾವ ಧರ್ಮದವರ ಮನೆಯಾದರೂ ಸರಿ, ಬೀದಿ ಒಂದೇ ಆಗಿರುವುದರಿಂದ. ಹೊಂಡದ ಹುಡುಗನೂ ಬರುತ್ತೇನೆ ಎಂದಿದ್ದಾನೆ. ಮೀನಿನ ವಿಷಯದಲ್ಲಿ ಮಾತ್ರ ಇನ್ನೂ ಒಪ್ಪಿಲ್ಲ. ರೋಹು ಬೆಳೆಯುವುದು ನಿಧಾನ ಎನ್ನುತ್ತಾನೆ, ಅದೂ ನಿಜವೇ.